ಯಾವ ಸಂಜೆ ಅಂತ ಹೇಳಿಲ್ಲ

ಬುಧವಾರ, ಮಧ್ಯಾಹ್ನ

ರೀ,

ಹೀಗೆ ಶುರು ಮಾಡಿದ್ದಕ್ಕೆ ನಗಬೇಡಿ. ‘ಪ್ರಿಯ’ ಎಂದು ಬರೆದೆ, ಕೈ ಮುಂದಕ್ಕೆ ಹೋಗಲಿಲ್ಲ. ‘ಮಾನ್ಯರೇ’ ಎಂದು ಬರೆದೆ, ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಕಚೇರಿಗೆ ದೂರು ಕೊಟ್ಟ ಹಾಗೆ ಕಂಡಿತು. ಇಷ್ಟು ವರ್ಷ ಅಡುಗೆಮನೆಯಿಂದ ನಾನು ಕೂಗಿದ್ದು ಇದೊಂದೇ ಅಕ್ಷರ. ನೀವು ಮೊದಲನೆಯ ಸಲಕ್ಕೆ ಎಂದೂ ಓಗೊಟ್ಟವರಲ್ಲ, ಎರಡನೆಯ ಸಲಕ್ಕೆ ‘ಹೂಂ’ ಎನ್ನುತ್ತಿದ್ದಿರಿ. ಆದ್ದರಿಂದ ಇದನ್ನೂ ಎರಡು ಸಲ ಓದಿಕೊಳ್ಳಿ.

ನಾವು ಚೆನ್ನಾಗಿದ್ದೇವೆ. ಕಾಗದದಲ್ಲಿ ಹಾಗೆ ಬರೆಯಬೇಕಲ್ಲ, ಬರೆದಿದ್ದೇನೆ. ಈಗ ನಿಜ ಹೇಳುತ್ತೇನೆ. ನಿಮ್ಮ ಮಗರಾಯನಿಗೆ ಒಂದು ಆಪರೇಷನ್ ಆಗಬೇಕು. ಗಾಬರಿ ಬೀಳಬೇಡಿ, ಹರ್ನಿಯಾ. ಸೈಕಲ್ ಅಂಗಡಿಯಲ್ಲಿ ನಟ್ಟು ಬೋಲ್ಟು ಬೇರೆ ಮಾಡಿಕೊಂಡು ಕೂತಿರಪ್ಪಾ ಎಂದರೆ, ಟೈರಿನ ಕಟ್ಟುಗಳು ಸಾಲಾಗಿಲ್ಲ ಎಂದು ಒಬ್ಬನೇ ಎಲ್ಲವನ್ನೂ ಎತ್ತಿ ಜೋಡಿಸಿದ್ದಾನೆ. ತೊಡೆಸಂದಿನಲ್ಲಿ ಗಂಟು ಕಾಣಿಸಿಕೊಂಡು ಎಷ್ಟು ದಿನವಾಗಿತ್ತೋ, ಹೇಳಲಿಲ್ಲ. ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಮಲಗಿದಾಗ ಅದು ಒಳಗೆ ಹೋಗುತ್ತದೆ. ಒಂದು ದಿನ ಹೋಗದೆ ಸಿಕ್ಕಿಕೊಂಡರೆ ಜೀವಕ್ಕೆ ಅಪಾಯ ಎಂದರು ಡಾಕ್ಟರು. ಆಗ ಅವನನ್ನು ಒಪ್ಪಿಸುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ, ಹಿಡಿದುಕೊಂಡೇ ಮಾಡಬೇಕಾಗುತ್ತದೆ ಎಂದೂ ಹೇಳಿದರು. ಮುಂದಿನ ತಿಂಗಳಿಗೆ ದಿನ ಕೊಟ್ಟಿದ್ದಾರೆ. ಇದರಲ್ಲಿ ನಿಮ್ಮಿಂದ ಒಂದು ಕೆಲಸ ಆಗಬೇಕು. ದೊಡ್ಡದೇನಲ್ಲ, ಒಂದು ಸಾಲು ಬರೆಯುವ ಕೆಲಸ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿದರೆ ನೀವು ಉಳಿದದ್ದನ್ನು ಓದುವವರಲ್ಲ.

‘ಹಿಡ್ಕೊಳ್ಳಿ’ ಎನ್ನುವ ಮಾತು ನಿಮಗೂ ನೆನಪಿರಬೇಕು. ಅವನು ಚಿಕ್ಕವನಾಗಿದ್ದಾಗ ಜ್ವರ ಬಂದು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದಾಗ ನೀವು ಕಾಲು ಹಿಡಿದಿದ್ದಿರಿ, ನಾನು ತಲೆ, ಆಸ್ಪತ್ರೆಯ ಇಬ್ಬರು ಒಂದೊಂದು ಕೈ. ‘ಏನಿಲ್ಲ ಕಣೋ, ಇರುವೆ ಕಚ್ಚಿದ ಹಾಗೆ ಅಷ್ಟೇ’ ಎಂದರು. ಅವನು ಕಿರುಚುತ್ತಲೇ ಬಗ್ಗಿ ಬಗ್ಗಿ ಹಾಸಿಗೆಯ ಮೇಲೆ ಇರುವೆ ಹುಡುಕುತ್ತಿದ್ದ. ರಕ್ತವೇನೋ ಸಿಕ್ಕಿತು. ನೀವು ಹೊರಗೆ ಬಂದು ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡಿರಿ. ಆಮೇಲೆ ಅವನು ಬಿಳಿ ಕೋಟು ಕಂಡರೆ, ಅದು ಕ್ಷೌರದಂಗಡಿಯವನದಾದರೂ ಸರಿ, ರಸ್ತೆ ದಾಟಿಬಿಡುತ್ತಿದ್ದ. ಇಷ್ಟು ವರ್ಷ ಒಂದು ಲಸಿಕೆಯಿಲ್ಲ, ಒಂದು ಪರೀಕ್ಷೆಯಿಲ್ಲ. ಬಂದ ಕಾಯಿಲೆ ತಾನಾಗಿ ಹೋಗಲಿ ಎಂದು ಕಣ್ಣು ಮುಚ್ಚಿಕೊಂಡು ದಿನ ದೂಡಿದ್ದಾಯಿತು.

ಈಗ ಸಿಸ್ಟರ್ ವಿಷಯಕ್ಕೆ ಬರುತ್ತೇನೆ. ಹಿಂದಿನ ಬೀದಿಯ ಸಣ್ಣ ಕ್ಲಿನಿಕ್ಕಿನ ನರ್ಸ್ ಅವರು. ನಮ್ಮ ಕನ್ನಡಕದಂಗಡಿಗೆ ಮುರಿದ ಕಡ್ಡಿ ಹಾಕಿಸಲು ಬಂದಿದ್ದರು. ನಾನು ಸ್ಕ್ರೂ ತಿರುಗಿಸುತ್ತಾ, ಮಗನಿಗೆ ಆಟಿಸಂ ಇದೆ, ಸೂಜಿ ಎಂದರೆ ಮನೆ ಬಿಟ್ಟು ಓಡುತ್ತಾನೆ, ಏನು ಮಾಡಲಿ ಎಂದು ಕೇಳಿಯೇಬಿಟ್ಟೆ. ಇಂಥವರಿಗೆ ಹೇಗೆ ಅಭ್ಯಾಸ ಮಾಡಿಸಬೇಕು ಎಂದು ತರಬೇತಿಗೆ ಒಂದು ದಿನ ಹೋಗಿದ್ದರಂತೆ. ‘ಆದ್ರೆ ನಾನೇನೂ ಪಂಡಿತೆ ಅಲ್ಲ ಕಣ್ರೀ, ಮಧ್ಯಾಹ್ನದ ಊಟ ಆದ್ಮೇಲೆ ನಿದ್ದೆ ಬಂದಿತ್ತು’ ಎಂದರು. ಅರ್ಧ ಪಾಠ ಕೇಳಿದವರು ಅವರು, ಅದೂ ಕೇಳದವಳು ನಾನು. ‘ಮಗ ನಿಮಗೆ ಗೊತ್ತು, ಸೂಜಿ ನನಗೆ ಗೊತ್ತು, ಬನ್ನಿ ನೋಡಿಯೇಬಿಡೋಣ’ ಎಂದರು. ಕಡ್ಡಿ ಗಟ್ಟಿಯಾಗಿ ಕೂರಿಸಿಕೊಟ್ಟೆ.

ಕ್ಲಿನಿಕ್ಕಿನಲ್ಲಿ ಜನ ಇಲ್ಲದ ಹೊತ್ತಿಗೆ ಹೋಗುತ್ತಿದ್ದೆವು. ಮೊದಲು ಬರೀ ಬಾಗಿಲವರೆಗೆ. ಆಮೇಲೆ ಕುರ್ಚಿಯವರೆಗೆ. ಕೂರುವುದು, ಏಳುವುದು, ಮನೆಗೆ ಬರುವುದು. ಇಷ್ಟಕ್ಕೆ ಇಷ್ಟು ದಿನವೇ ಎಂದು ನನಗೇ ಅಸಹನೆ ಆಗುತ್ತಿತ್ತು. ಆದರೆ ಅಲ್ಲಿಯವರೆಗೆ ನನಗೆ ಗೊತ್ತಿಲ್ಲದ ಸಂಗತಿಗಳು ಒಂದೊಂದಾಗಿ ಹೊರಬಿದ್ದವು. ಅಲ್ಲಿನ ಟ್ಯೂಬ್‌ಲೈಟ್ ಗುಂಯ್ ಎನ್ನುತ್ತದೆಯಂತೆ. ನನಗೂ ಸಿಸ್ಟರಿಗೂ ಕೇಳಿಸದ ಸದ್ದು ಅದು, ಅವನಿಗೆ ಕಿವಿಯೊಳಗೆ ದುಂಬಿ ಹೊಕ್ಕ ಹಾಗೆ. ಆರಿಸಿ ಕಿಟಕಿ ತೆರೆದೆವು, ಅರ್ಧ ಗಲಾಟೆ ಅಲ್ಲಿಗೇ ನಿಂತಿತು. ತೋಳಿಗೆ ಕಟ್ಟುವ ರಬ್ಬರ್ ಪಟ್ಟಿ ಅವನಿಗೆ ಬಹಳ ಹಿಡಿಸಿತು. ಸಿಸ್ಟರ್ ಕೈಗೆ ಕಟ್ಟಿದ, ನನ್ನ ಕೈಗೆ ಕಟ್ಟಿದ, ಕುರ್ಚಿಯ ಕೈಗೂ ಕಟ್ಟಿದ. ನೋವು ಗೊತ್ತಾಗದಿರಲಿ ಎಂದು ಮೊದಲೇ ಒಂದು ಮುಲಾಮು ಹಚ್ಚಿ ಮೇಲೆ ಅಂಟುವ ಹಾಳೆ ಹಾಕುತ್ತಾರೆ. ಮುಲಾಮಿಗೆ ಏನೂ ಅನ್ನಲಿಲ್ಲ. ಆ ಹಾಳೆ ಕೀಳುವಾಗ ಕ್ಲಿನಿಕ್ಕು ಹಾರಿಹೋಗುವ ಹಾಗೆ ಕಿರುಚಿದ. ಇಷ್ಟು ವರ್ಷ ಸೂಜಿಗೆ ಹೆದರುತ್ತಾನೆ ಎಂದುಕೊಂಡಿದ್ದೆವಲ್ಲ, ಅವನು ಅಷ್ಟೇ ಹೆದರುತ್ತಿದ್ದದ್ದು ಪ್ಲಾಸ್ಟರಿಗೆ. ಈಗ ನೀರು ಹಚ್ಚಿಕೊಂಡು ತಾನೇ ಬಿಡಿಸಿಕೊಳ್ಳುತ್ತಾನೆ. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಬೇಡಿ, ಸಿಸ್ಟರ್ ಅಷ್ಟರಲ್ಲಿ ಎರಡು ಲೋಟ ಚಹಾ ಕುಡಿದಿರುತ್ತಾರೆ.

ಇಷ್ಟೆಲ್ಲ ಆಗಿ, ಮೊದಲನೆಯ ಇಂಜೆಕ್ಷನ್ ದಿನ ಎಲ್ಲ ಕೆಟ್ಟುಹೋಯಿತು. ಅದೂ ಒಂದು ಮಾತಿನಿಂದ. ಧನುರ್ವಾಯುವಿನ ಲಸಿಕೆ. ತೋಳು ಕೊಟ್ಟು ಕೂತ, ಕಿಟಕಿ ನೋಡುತ್ತಿದ್ದ. ಸಿಸ್ಟರ್ ಸೂಜಿ ಚುಚ್ಚುತ್ತಾ, ಎಲ್ಲರೂ ಹೇಳುವ ಹಾಗೆ, ‘ಆಯ್ತು ಆಯ್ತು ಆಯ್ತು’ ಎಂದರು. ನೀವೂ ಹಾಗೇ ಹೇಳುತ್ತೀರಿ, ನಾನೂ ಹೇಳುತ್ತೇನೆ. ಮುಳ್ಳು ತೆಗೆಯುವಾಗ, ತಲೆ ಬಾಚುವಾಗ, ಆಗದೇ ಇರುವಾಗಲೇ ‘ಆಯ್ತು’ ಎನ್ನುವುದು ನಮ್ಮ ಬಾಯಿಗೆ ಅಂಟಿದ ರೂಢಿ. ಸಿಸ್ಟರ್ ‘ಆಯ್ತು’ ಎಂದರಲ್ಲ, ಅವನು ಎದ್ದ. ಎದ್ದೇಬಿಟ್ಟ. ಸೂಜಿ ಇನ್ನೂ ತೋಳಿನಲ್ಲಿತ್ತು. ರಕ್ತ ಬಂತು, ಟ್ರೇ ಬಿತ್ತು. ಅವನು ಅತ್ತದ್ದು ನೋವಿಗಲ್ಲ. ‘ಸುಳ್ಳು, ಆಗಿರಲಿಲ್ಲ, ಸುಳ್ಳು’ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದ. ಆಮೇಲೆ ಕ್ಲಿನಿಕ್ಕಿನ ಬೀದಿಗೇ ಕಾಲಿಡಲಿಲ್ಲ.

ಸಿಸ್ಟರ್ ಮುಖ ಚಿಕ್ಕದು ಮಾಡಿಕೊಂಡು ಅಂಗಡಿಗೆ ಬಂದರು. ನಾನು ಸಮಾಧಾನ ಹೇಳಬೇಕಿತ್ತು, ಬದಲಿಗೆ ರೇಗಿದೆ. ಆಮೇಲೆ ಇಬ್ಬರೂ ಕೂತು ಒಂದು ಒಪ್ಪಂದಕ್ಕೆ ಬಂದೆವು. ಹತ್ತಿ ಒತ್ತಿದ ಮೇಲೆಯೇ ‘ಆಯ್ತು’. ಅದೂ ಒಂದೇ ಸಲ. ಹೇಳುವುದು ಸುಲಭ ರೀ, ಇಪ್ಪತ್ತು ವರ್ಷದ ಅಭ್ಯಾಸ ಬಿಡುವುದು ಹೇಗೆ? ಬಾಯಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಂಡು ಇಂಜೆಕ್ಷನ್ ಕೊಡುವುದಕ್ಕೆ ಶುರು ಮಾಡಿದರು. ಬೇರೆ ಮಕ್ಕಳ ತಾಯಂದಿರು, ಈಯಮ್ಮ ಮೊದಲು ಎಷ್ಟು ಚೆನ್ನಾಗಿ ಮಾತಾಡಿಸುತ್ತಿದ್ದರು, ಈಗೇನು ಸೊಕ್ಕು ಬಂತೋ ಎಂದು ಆಡಿಕೊಂಡರಂತೆ.

ಮತ್ತೆ ಅವನನ್ನು ಆ ಕುರ್ಚಿಗೆ ಕರೆತರುವುದಕ್ಕೆ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಅದನ್ನು ಬಿಡಿ. ಬಂದ, ಕೂತ, ‘ನೋವಾಗುತ್ತಾ?’ ಎಂದು ಕೇಳಿದ. ನಾನು ‘ಇಲ್ಲಪ್ಪ’ ಎನ್ನಲು ಬಾಯಿ ತೆರೆದಿದ್ದೆ. ಸಿಸ್ಟರ್ ನನ್ನ ಕಾಲು ತುಳಿದರು. ‘ಆಗುತ್ತೆ. ಚುಚ್ಚಿದಾಗ ಆಗುತ್ತೆ. ನೀನು ನಿಧಾನಕ್ಕೆ ಹತ್ತು ಎಣಿಸೋದ್ರೊಳಗೆ ಹೋಗುತ್ತೆ’ ಎಂದರು. ಅವನು ಎಣಿಸಿದ. ಏಳಕ್ಕೆ ಹತ್ತಿ ಒತ್ತಿ ‘ಆಯ್ತು’ ಎಂದರು. ಅವನು ಏಳಲಿಲ್ಲ, ಹತ್ತರವರೆಗೂ ಎಣಿಸಿ ಮುಗಿಸಿ, ಆಮೇಲೆ ಎದ್ದ. ಯಾರೂ ಹಿಡಿದುಕೊಂಡಿರಲಿಲ್ಲ. ನಾನು ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದೆ, ಅಷ್ಟೇ.

ಮುಂದಿನ ಸಲ ರಕ್ತ ಪರೀಕ್ಷೆ. ತನ್ನ ರಕ್ತ ನಳಿಕೆಯಲ್ಲಿ ತುಂಬುವುದನ್ನು ಬಗ್ಗಿ ನೋಡಿ, ‘ಇದನ್ನ ವಾಪಸ್ ಯಾವಾಗ ಕೊಡ್ತೀರಾ?’ ಎಂದು ಕೇಳಿದ. ಕೊಡುವುದಿಲ್ಲ, ಅದು ಹೋಯಿತು, ನಿನ್ನ ಮೈ ಬೇರೆ ಮಾಡಿಕೊಳ್ಳುತ್ತೆ ಎಂದರು ಸಿಸ್ಟರ್. ‘ಸರಿ’ ಎಂದ. ಕಳೆದುಕೊಂಡದ್ದಕ್ಕೆ ಅಷ್ಟು ಸಲೀಸಾಗಿ ಸರಿ ಎಂದವರನ್ನು ನಾನು ಬೇರೆ ನೋಡಿಲ್ಲ.

ಅವತ್ತು ಅವನನ್ನು ಸೈಕಲ್ ಅಂಗಡಿಗೆ ಬಿಟ್ಟು ನಾನು ಬೀದಿಯಲ್ಲಿ ನಿಂತೆ. ಕೂಗಿ ಯಾರಿಗಾದರೂ ಹೇಳಬೇಕು ಅನ್ನಿಸಿತು. ಯಾರಿಗೆ? ಕನ್ನಡಕದಂಗಡಿಯ ಯಜಮಾನರಿಗೆ ಹೇಳಿದೆ, ‘ಸಂತೋಷ ಕಣಮ್ಮಾ, ಆ ಕಪ್ಪು ಫ್ರೇಮಿನ ಆರ್ಡರ್ ಮುಗೀತಾ?’ ಎಂದರು. ಅವರದೇನು ತಪ್ಪು, ಇಪ್ಪತ್ತೆರಡು ವರ್ಷದ ಗಂಡಸು ಇಂಜೆಕ್ಷನ್ ಚುಚ್ಚಿಸಿಕೊಂಡ ಎಂದರೆ ಅದರಲ್ಲಿ ಏನಿದೆ ಎಂದು ಯಾರಿಗೆ ತಿಳಿಯಬೇಕು? ಅದರ ಬೆಲೆ ತಿಳಿದವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬಳು ನಾನು. ನಿಮಗೆ ಫೋನ್ ಮಾಡಲು ತೆಗೆದುಕೊಂಡೆ, ಮತ್ತೆ ಚೀಲಕ್ಕೆ ಹಾಕಿಕೊಂಡೆ. ರೀ, ದುಃಖವನ್ನು ಒಬ್ಬಳೇ ನುಂಗಿಕೊಳ್ಳುವುದು ಅಭ್ಯಾಸವಾಗಿದೆ. ಸಂತೋಷವನ್ನು ಒಬ್ಬಳೇ ಇಟ್ಟುಕೊಳ್ಳುವುದು ಇನ್ನೂ ಅಭ್ಯಾಸವಾಗಿಲ್ಲ. ಆ ದಿನ ನನಗೆ ಯಾರೂ ಇಲ್ಲ ಎಂದು ಮೊದಲ ಸಲ ಗಟ್ಟಿಯಾಗಿ ಅನ್ನಿಸಿತು.

ಹೋಗಲಿ. ಅಂತೂ ಆಸ್ಪತ್ರೆಗೆ ಹೋದೆವು. ಆಪರೇಷನ್ ಮಾಡುವ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಒಳ್ಳೆಯವರು. ಬಿಳಿ ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಮಾತಾಡಿದರು. ಅರಿವಳಿಕೆ ಕೊಡುವಾಗ ಮುಖಕ್ಕೆ ಹಾಕುವ ಮಾಸ್ಕನ್ನು ಅಭ್ಯಾಸಕ್ಕೆಂದು ಕೊಟ್ಟು ಕಳಿಸಿದರು. ಮನೆಯಲ್ಲಿ ಅದನ್ನು ಹಾಕಿಕೊಂಡು ರೇಡಿಯೋ ಕೇಳುತ್ತಾ ಕೂರುತ್ತಾನೆ. ಕೈಗೆ ಸಲೈನ್ ಸೂಜಿ ಹಾಕುವುದಕ್ಕೂ ಒಪ್ಪಿದ, ಕ್ಲಿನಿಕ್ಕಿನ ಸಿಸ್ಟರೇ ಬಂದು ಹಾಕಬೇಕು ಎಂಬ ಷರತ್ತಿನ ಮೇಲೆ. ಅವರು ಅವತ್ತು ರಜೆ ಹಾಕುತ್ತಾರಂತೆ. ಎಲ್ಲ ಸುಸೂತ್ರ ಎಂದುಕೊಳ್ಳುವಷ್ಟರಲ್ಲಿ ಡಾಕ್ಟರು, ಮಂಪರು ಪೂರ್ತಿ ಇಳಿಯುವವರೆಗೆ ನೋಡಿಕೊಳ್ಳಬೇಕು, ಒಂದು ರಾತ್ರಿ ಇಲ್ಲೇ ಇರಬೇಕಾಗುತ್ತದೆ ಎಂದರು.

ಇವನು ಎದ್ದು ನಿಂತ. ‘ಆಗಲ್ಲ. ಸಂಜೆ ಮನೇಲಿರಬೇಕು. ಅಪ್ಪ ಬರ್ತಾರೆ’ ಎಂದ.

ಡಾಕ್ಟರು ನನ್ನ ಮುಖ ನೋಡಿದರು. ನಾನು ಮೇಜಿನ ಮೇಲಿನ ಪೆನ್ನು ನೋಡಿದೆ.

ನಿಮಗೆ ಇದು ಗೊತ್ತಿಲ್ಲ, ನಾನು ಹೇಳಿಲ್ಲ. ನೀವು ಚೀಲ ತೆಗೆದುಕೊಂಡು ಹೊರಟ ದಿನ ಅವನು ಬಾಗಿಲಲ್ಲಿ ನಿಂತಿದ್ದ. ನೀವು ಅವನ ಭುಜ ತಟ್ಟಿ, ದಿನಾ ಕೆಲಸಕ್ಕೆ ಹೋಗುವಾಗ ಹೇಳುವ ಹಾಗೆಯೇ, ‘ಸಂಜೆ ಬರ್ತೀನಿ ಕಣೋ’ ಎಂದಿರಿ. ನಾನು ನಿಮ್ಮನ್ನು ದೂರುತ್ತಿಲ್ಲ. ಇನ್ನೇನು ಹೇಳಲು ಸಾಧ್ಯವಿತ್ತು? ಹೊರಡುವಾಗ ‘ಹೋಗ್ತೀನಿ’ ಎನ್ನುವುದಕ್ಕೆ ನಮಗೆ ಬಾಯೇ ಬರುವುದಿಲ್ಲ, ಸಾಯುವುದಕ್ಕೆ ಹೊರಟವರೂ ‘ಬರ್ತೀನಿ’ ಎಂದೇ ಹೊರಡುತ್ತಾರೆ. ಕೇಳಿದವರು ಅರ್ಥ ಮಾಡಿಕೊಳ್ಳುತ್ತಾರೆ. ಅವನೊಬ್ಬ ಕೇಳಿದ್ದನ್ನು ಕೇಳಿದ ಹಾಗೆಯೇ ಇಟ್ಟುಕೊಂಡಿದ್ದಾನೆ.

ಅಂದಿನಿಂದ ದಿನಾ ಬೀದಿ ದೀಪ ಹತ್ತುತ್ತಲೇ ಬಂದು ಚಪ್ಪಲಿ ಗೂಡಿನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾನೆ. ಊಟಕ್ಕೆ ಕರೆಯುವವರೆಗೆ ಏಳುವುದಿಲ್ಲ. ಲಿಫ್ಟಿನ ಸದ್ದಿಗೆ ತಲೆಯನ್ನೂ ಎತ್ತುವುದಿಲ್ಲ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಮನುಷ್ಯ ನೀವು, ನೀವು ಮಾತ್ರ ಲಿಫ್ಟನ್ನು ನಂಬದೆ ಮೆಟ್ಟಿಲು ಹತ್ತಿಯೇ ಬರುತ್ತಿದ್ದಿರಲ್ಲ, ಅದು ಅವನಿಗೆ ಗೊತ್ತು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿದರೆ ಮಾತ್ರ ಬೆನ್ನು ನೆಟ್ಟಗಾಗುತ್ತದೆ. ಮೇಲಿನ ಮನೆಯವರು, ಪತ್ರಿಕೆಯವನು, ಯಾರೋ. ಒಂದು ದಿನ ನಾನು ಸಿಟ್ಟಿನಲ್ಲಿ, ಅವರು ಹೇಳಿದ್ದು ಆ ದಿನದ ಸಂಜೆಯ ಮಾತು, ಅದು ಮುಗಿದುಹೋಯಿತು ಎಂದೆ. ‘ಯಾವ ಸಂಜೆ ಅಂತ ಹೇಳಿಲ್ಲ’ ಎಂದ. ದಿನಾ ಸಂಜೆ ಆ ಹೊತ್ತಿನಲ್ಲಿ ನನಗೆ ಅಡುಗೆಮನೆಯಲ್ಲಿ ಕೈತುಂಬ ಕೆಲಸ, ಅವನ ಪಾಡಿಗೆ ಅವನನ್ನು ಬಿಟ್ಟಿರುತ್ತೇನೆ.

ಡಾಕ್ಟರು ನನ್ನನ್ನು ಹೊರಗೆ ಕರೆದು, ಅಪ್ಪ ಆಸ್ಪತ್ರೆಗೇ ಬರುತ್ತಾರೆ ಎಂದು ಹೇಳಿಬಿಡಿ, ಮಂಪರಿನಲ್ಲಿ ಮರೆತುಬಿಡುತ್ತಾನೆ ಎಂದರು. ಪಾಪ, ಒಳ್ಳೆಯದಕ್ಕೇ ಹೇಳಿದರು. ನಾನು ಒಪ್ಪಲಿಲ್ಲ. ಅವನು ಮರೆಯುವುದಿಲ್ಲ. ಕಣ್ಣು ಬಿಟ್ಟ ಕೂಡಲೇ ಬಾಗಿಲು ನೋಡುತ್ತಾನೆ. ನೀವಿರುವುದಿಲ್ಲ. ಆಗ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವನು ಕೈಯ ಸೂಜಿ ಕಿತ್ತೆಸೆದು ಮೆಟ್ಟಿಲು ಹುಡುಕಿಕೊಂಡು ಹೊರಡುತ್ತಾನೆ. ಹಾಗಾಗದಿದ್ದರೂ ಮುಂದೆ ನಾನು ಹೇಳುವ ಯಾವ ‘ಆಯ್ತು’ ಅನ್ನು ಅವನು ನಂಬುತ್ತಾನೆ?

ಆದ್ದರಿಂದ ನಿಮ್ಮನ್ನು ಕೇಳುತ್ತಿರುವುದು ಇಷ್ಟೇ. ಅವನಿಗೊಂದು ಚೀಟಿ ಬರೆಯಿರಿ. ಬಾಯಿಮಾತಿಗಿಂತ ಬರೆದದ್ದನ್ನು ಅವನು ಹೆಚ್ಚು ನಂಬುತ್ತಾನೆ. ದಪ್ಪ ಅಕ್ಷರದಲ್ಲಿ, ಒಂದೇ ಸಾಲು. ‘ಅಪ್ಪ ಸಂಜೆ ಮನೆಗೆ ಬರುವುದಿಲ್ಲ.’ ಮುಂದೆ ‘ಸದ್ಯಕ್ಕೆ’ ಎಂದು ಸೇರಿಸಬೇಡಿ. ‘ಬಿಡುವಾದಾಗ’ ಬೇಡ. ದಯವಿಟ್ಟು ‘ನೋಡೋಣ’ ಬೇಡವೇ ಬೇಡ. ನಮ್ಮ ಸಂಸಾರ ಎಷ್ಟೋ ವರ್ಷ ‘ನೋಡೋಣ’ದ ಮೇಲೇ ನಡೆಯಿತು, ಏನು ನೋಡಿದೆವು? ಅವನಿಗೆ ನೋವಾಗುತ್ತದೆ. ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಕಿರುಚಬಹುದು, ಕೈ ಕಚ್ಚಿಕೊಳ್ಳಬಹುದು, ಎರಡು ದಿನ ಊಟ ಬಿಡಬಹುದು. ನಾನಿದ್ದೇನೆ. ಆದರೆ ಆ ನೋವಿಗೆ ಒಂದು ಕೊನೆ ಇರುತ್ತದೆ. ಈಗ ಅವನು ಪಡುತ್ತಿರುವುದಕ್ಕೆ ಕೊನೆಯೇ ಇಲ್ಲ. ಸೂಜಿ ಚುಚ್ಚಿ ಹಾಗೇ ಬಿಟ್ಟು ಹೋದ ಹಾಗಿದೆ ಅದು. ಇಷ್ಟು ಒರಟಾಗಿ ಬರೆಯಬಾರದಿತ್ತೇನೋ, ಬರೆದಾಯಿತು.

ಮುಂದೆ ಎಂದಾದರೂ ಅವನನ್ನು ನೋಡಿ ಹೋಗಲು ಬರುವುದಿದ್ದರೆ, ಅದನ್ನು ಬೇರೆ ಚೀಟಿಯಲ್ಲಿ, ದಿನ ವಾರ ಹಾಕಿ ಬರೆಯಿರಿ. ಬರೆದ ದಿನವೇ ಬನ್ನಿ. ಇರುವುದಕ್ಕೇ ಬರುವ ಮಾತಾದರೆ ಅದು ಬೇರೆ. ಅದರ ಬಗ್ಗೆ ನಾನು ಏನೂ ಬರೆಯುವುದಿಲ್ಲ.

ಈ ವಾರದೊಳಗೆ ಕಳಿಸಿದರೆ ಆಪರೇಷನ್ನಿಗೆ ಮುಂಚೆ ಅವನು ಅತ್ತು ಮುಗಿಸಲು ಸಮಯವಿರುತ್ತದೆ. ನಿಮ್ಮ ಬೆನ್ನುನೋವು ಹೇಗಿದೆ? ಭಾರ ಎತ್ತಬೇಡಿ, ಅಪ್ಪ ಮಗ ಇಬ್ಬರಿಗೂ ಒಂದೇ ಹುಚ್ಚು. ಅಂಗಡಿಗೆ ಹೋಗುವ ಹೊತ್ತಾಯಿತು, ನಿಲ್ಲಿಸುತ್ತೇನೆ.

ಇಂತಿ,
ಇನ್ನೂ ಇದೇ ವಿಳಾಸದಲ್ಲಿರುವ
ನಾನು

ತಾ.ಕ. ಮಡಿಸಿದ ಕಾಗದವನ್ನು ರಾತ್ರಿ ಮತ್ತೆ ಬಿಚ್ಚಿದ್ದೇನೆ. ‘ನೀವೇ ಯಾಕೆ ಅವನಿಗೆ ಹೇಳಬಾರದು?’ ಎಂದು ಸಿಸ್ಟರ್ ಕೇಳಿದರು. ಹೇಳಬಹುದು. ಈಗ ಅವನು ನನ್ನ ಮಾತನ್ನು ನಂಬುತ್ತಾನೆ, ಬರೆದು ತೋರಿಸಿದರೆ ನನ್ನ ಅಕ್ಷರವನ್ನೂ ನಂಬುತ್ತಾನೆ. ನಿಮ್ಮ ಚೀಟಿಯ ಅಗತ್ಯವೇ ಇರಲಿಲ್ಲ. ಹೇಳಲೆಂದೇ ಇವತ್ತು ಸಂಜೆ ಹೋಗಿ ಅವನ ಪಕ್ಕ ನೆಲದ ಮೇಲೆ ಕೂತೆ. ‘ಅಪ್ಪ’ ಎನ್ನುವವರೆಗೆ ಬಂತು, ಮುಂದಿನದು ಬರಲಿಲ್ಲ. ಅಷ್ಟರಲ್ಲಿ ಕೆಳಗೆ ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಕೇಳಿಸಿತು. ಇಬ್ಬರ ಬೆನ್ನೂ ನೆಟ್ಟಗಾಯಿತು. ಚೀಟಿ ಯಾರಿಗೆ ಎನ್ನುವಲ್ಲಿ ಅವನ ಹೆಸರು ಬರೆದ ಮೇಲೆ, ಅದರ ಕೆಳಗೆ ನನ್ನದನ್ನೂ ಬರೆಯಿರಿ.